ಟ್ರಂಕಿನಲ್ಲಿ ಸಿಕ್ಕ ಪರದೇಶದ ನಾಣ್ಯ: ಯಾವ ದೇಶದ್ದು, ಯಾವ ಕಾಲದ್ದು ಎಂದು ಪತ್ತೆ ಹಚ್ಚುವ ಬಗೆ

ಕೊಡಗಿನ ಮನೆಗಳಲ್ಲಿ ಪರದೇಶದ ನಾಣ್ಯ ಸಿಗುವುದು ಅಪರೂಪವಲ್ಲ. ಮಿಲಿಟರಿಯಲ್ಲಿದ್ದ ಅಜ್ಜನ ಕಬ್ಬಿಣದ ಟ್ರಂಕು, ಗಲ್ಫ್‌ನಿಂದ ರಜೆಗೆ ಬಂದವರ ಪ್ಯಾಂಟಿನ ಜೇಬು, ಹೋಂಸ್ಟೇಯಲ್ಲಿ ಉಳಿದ ಅತಿಥಿ ಮೇಜಿನ ಮೇಲೆ ಬಿಟ್ಟುಹೋದ ಚಿಲ್ಲರೆ, ದೇವಸ್ಥಾನದ ಹುಂಡಿ, ಹೀಗೆ ಎಲ್ಲಿಂದಲೋ ಒಂದು ಬಿಲ್ಲೆ ಕೈಗೆ ಬರುತ್ತದೆ. ಬಂದ ಕೂಡಲೇ ಎಲ್ಲರೂ ಮಾಡುವ ಕೆಲಸ ಒಂದೇ: ಅದರ ಮೇಲಿನ ಅಂಕೆ ಓದಿ ಅದೇ ವರ್ಷ ಎಂದು ತೀರ್ಮಾನಿಸುವುದು. ಎಡವುವುದೂ ಅಲ್ಲೇ. ನಾಣ್ಯದ ಮೇಲಿನ ಅಂಕೆ ಯಾವ ಪಂಚಾಂಗದ್ದು ಎಂದು ಗೊತ್ತಾಗುವ ತನಕ ಅದು ಬರೀ ಅಂಕೆ. 1393 ಎಂದಿರುವ ಅರಬ್ ಎಮಿರೇಟ್ಸ್ ನಾಣ್ಯ 1973ರದು, ಅದೇ 1393 ಎಂದಿರುವ ಇರಾನಿನ ನಾಣ್ಯ 2014ರದು. ಆದ್ದರಿಂದ ಮೊದಲು ತೂಕ, ಅಳತೆ, ಲೋಹ, ಆಮೇಲೆ ಲಿಪಿ, ಲಾಂಛನ, ವರ್ಷ ಕಡೆಗೆ.

ಅದಕ್ಕೂ ಮೊದಲು ಒಂದು ಮಾತು: ತೊಳೆಯಬೇಡಿ. ಹುಣಸೆಹಣ್ಣು, ನಿಂಬೆ, ಪೀತಾಂಬರಿ ಪುಡಿ, ಟೂತ್‌ಪೇಸ್ಟ್ ಯಾವುದೂ ಬೇಡ. ಕೊಡಗಿನ ಅಡುಗೆಯ ಹುಳಿಯಾದ ಕಾಚಂಪುಳಿಯಂತೂ ಬೇಡವೇ ಬೇಡ. ಹಿತ್ತಾಳೆ ಪಾತ್ರೆ ಫಳಫಳ ಮಾಡುವ ಆ ಹುಳಿ ತಾಮ್ರದ ನಾಣ್ಯದ ಮೇಲ್ಪದರವನ್ನೇ ಕರಗಿಸಿ ಒಯ್ಯುತ್ತದೆ. ನೂರು ವರ್ಷದಲ್ಲಿ ಕೂತ ಕಂದು ಬಣ್ಣ ಐದು ನಿಮಿಷದಲ್ಲಿ ಹೋಗಿ, ಸಣ್ಣ ಅಕ್ಷರಗಳ ಅಂಚೂ ಅದರ ಜೊತೆ ಹೋಗುತ್ತದೆ. ಸಂಗ್ರಹಕಾರರ ಮಟ್ಟಿಗೆ ಹಾಗೆ ಉಜ್ಜಿದ ನಾಣ್ಯಕ್ಕೆ ಅರ್ಧ ಬೆಲೆಯೂ ಉಳಿಯುವುದಿಲ್ಲ. ಮಣ್ಣು ಮೆತ್ತಿದ್ದರೆ ಒಂದು ದಿನ ಬಟ್ಟಿ ಇಳಿಸಿದ ನೀರಿನಲ್ಲಿ ನೆನೆಸಿಟ್ಟು, ಹತ್ತಿ ಬಟ್ಟೆಯ ಮೇಲಿಟ್ಟು ಒಣಗಿಸಿ. ಒರೆಸಬೇಡಿ, ಒತ್ತಿ ತೇವ ತೆಗೆಯಿರಿ. ಬ್ಯಾಟರಿಗೆ ಹಾಕುವ ನೀರು ಎಂದು ಮಾರುವ ಬಟ್ಟಿ ನೀರು ಸಾಕು.

ಬೇಕಾದ ಸಾಮಾನು

0.01 ಗ್ರಾಂ ತೋರಿಸುವ ಸಣ್ಣ ಡಿಜಿಟಲ್ ತಕ್ಕಡಿ, ಮಿಲಿಮೀಟರ್ ಅಳೆಯುವ ವರ್ನಿಯರ್ ಕ್ಯಾಲಿಪರ್, ಹತ್ತು ಪಟ್ಟು ದೊಡ್ಡದು ಮಾಡುವ ಅಕ್ಕಸಾಲಿಗರ ಲೂಪ್, ಒಂದು ಅಯಸ್ಕಾಂತ, ಒಂದು ಟಾರ್ಚು. ಕ್ಯಾಲಿಪರ್ ಪ್ಲಾಸ್ಟಿಕ್ಕಿನದಾದರೆ ಒಳ್ಳೆಯದು, ಉಕ್ಕಿನ ಬಾಯಿ ಬೆಳ್ಳಿಯ ಅಂಚಿನಲ್ಲಿ ಗೀರು ಹಾಕುತ್ತದೆ. ಅಡುಗೆಮನೆಯ ತಕ್ಕಡಿ ಸಾಲದು. ಅದು 1 ಗ್ರಾಂಗೆ ಒಮ್ಮೆ ಜಿಗಿಯುತ್ತದೆ, ನಮಗೆ ಬೇಕಾದ ವ್ಯತ್ಯಾಸ ಅದಕ್ಕಿಂತ ಸಣ್ಣದು.

ನಾಣ್ಯವನ್ನು ಯಾವಾಗಲೂ ಅಂಚಿನಲ್ಲೇ ಹಿಡಿಯಿರಿ. ತೂಗಿ, ವ್ಯಾಸ ಅಳೆದು ಬರೆದುಕೊಳ್ಳಿ. ಅಂಚು ನುಣುಪೋ, ಗೀರು ಗೀರಾಗಿದೆಯೋ, ಅಂಚಿನ ಮೇಲೆ ಅಕ್ಷರ ಇದೆಯೋ ನೋಡಿ. ಆಮೇಲೆ ಅಯಸ್ಕಾಂತ. ಚಿನ್ನ, ಬೆಳ್ಳಿ, ತಾಮ್ರ, ಹಿತ್ತಾಳೆ, ಅಲ್ಯೂಮಿನಿಯಂ ಯಾವುದೂ ಅಂಟುವುದಿಲ್ಲ. ಬೆಳ್ಳಿ ಎಂದು ಕೊಟ್ಟದ್ದು ಅಂಟಿದರೆ ಅದು ಬೆಳ್ಳಿಯಲ್ಲ. ಆದರೆ ಅಂಟಿದ್ದೆಲ್ಲ ನಕಲಿಯೂ ಅಲ್ಲ. ಶುದ್ಧ ನಿಕ್ಕಲ್ ಅಂಟುತ್ತದೆ. ಯೂರೋದ 1, 2, 5 ಸೆಂಟುಗಳು ತಾಮ್ರ ಲೇಪಿಸಿದ ಉಕ್ಕು, ಅವೂ ಅಂಟುತ್ತವೆ. ಬ್ರಿಟನ್ನಿನ ಒಂದು ಪೆನ್ನಿ 1992ರಿಂದ ಅಂಟತೊಡಗಿತು, ಅದಕ್ಕೆ ಮೊದಲಿನದು ಕಂಚು. ವರ್ಷ ಸವೆದುಹೋದ ಪೆನ್ನಿಯಲ್ಲಿ ಅಯಸ್ಕಾಂತವೇ ಕಾಲ ಹೇಳಿಬಿಡುತ್ತದೆ.

ಲೋಹದ ಬಗ್ಗೆ ಅನುಮಾನ ಉಳಿದರೆ ನೀರಿನ ಪರೀಕ್ಷೆ ಮಾಡಿ. ಇದಕ್ಕಿಂತ ನಂಬಿಕಸ್ಥ ಪರೀಕ್ಷೆ ಮನೆಯಲ್ಲಿ ಬೇರೆ ಇಲ್ಲ. ತಕ್ಕಡಿಯ ಮೇಲೆ ಸಣ್ಣ ಲೋಟದಲ್ಲಿ ನೀರಿಟ್ಟು ಸೊನ್ನೆಗೆ ತನ್ನಿ. ನಾಣ್ಯವನ್ನು ತೆಳು ನೂಲಿನಲ್ಲಿ ಕಟ್ಟಿ, ಪೂರ್ತಿ ಮುಳುಗುವಂತೆ, ಆದರೆ ತಳಕ್ಕೂ ಪಕ್ಕಕ್ಕೂ ತಾಗದಂತೆ ಇಳಿಬಿಡಿ. ಆಗ ತಕ್ಕಡಿ ತೋರಿಸುವ ಅಂಕೆ ನಾಣ್ಯ ಪಕ್ಕಕ್ಕೆ ಸರಿಸಿದ ನೀರಿನ ತೂಕ. ಒಣ ತೂಕವನ್ನು ಅದರಿಂದ ಭಾಗಿಸಿ. ಬೆಳ್ಳಿಗೆ ಸುಮಾರು 10.3ರಿಂದ 10.5, ತಾಮ್ರ ಮತ್ತು ತಾಮ್ರ-ನಿಕ್ಕಲ್ ಮಿಶ್ರಣಕ್ಕೆ 8.9 ಆಸುಪಾಸು, ಹಿತ್ತಾಳೆಗೆ 8.5, ಸತುವಿಗೆ 7.1, ಅಲ್ಯೂಮಿನಿಯಂಗೆ 2.7 ಬರಬೇಕು. ತಪ್ಪಾಗುವುದು ಎರಡು ಕಾರಣಕ್ಕೆ: ನಾಣ್ಯಕ್ಕೆ ಗಾಳಿಗುಳ್ಳೆ ಅಂಟಿಕೊಂಡಿದ್ದರೆ ಉತ್ತರ ಕಡಿಮೆ ಬರುತ್ತದೆ, ತಳಕ್ಕೆ ತಾಗಿದರೆ ತುಂಬಾ ಕಡಿಮೆ ಬರುತ್ತದೆ. ನೀರಿನೊಳಗೆ ಒಮ್ಮೆ ಮೆಲ್ಲಗೆ ಅಲ್ಲಾಡಿಸಿ ಗುಳ್ಳೆ ಬಿಡಿಸಿ. 3 ಗ್ರಾಂಗಿಂತ ಹಗುರದ ನಾಣ್ಯಕ್ಕೆ ಈ ಲೆಕ್ಕ ನಂಬಬೇಡಿ. ಸರಿದ ನೀರೇ ಅಷ್ಟು ಕಡಿಮೆ, ತಕ್ಕಡಿಯ ಸಣ್ಣ ತಪ್ಪೂ ದೊಡ್ಡದಾಗುತ್ತದೆ.

ಪತ್ತಾಕಿನಲ್ಲಿರುವ ಪವನು

ಕೊಡಗಿನಲ್ಲಿ ಅತಿ ಹೆಚ್ಚು ಮನೆಗಳಲ್ಲಿರುವ ಪರದೇಶದ ನಾಣ್ಯ ಯಾರೂ ನಾಣ್ಯವೆಂದು ನೋಡದ ಜಾಗದಲ್ಲಿದೆ. ಕೊಡವತಿಯರ ಕೊರಳಿನ ಆಭರಣವಾದ ಪತ್ತಾಕಿನ ನಡುವೆ, ಹಾವಿನ ಹೆಡೆಯ ಕೆಳಗೆ, ಕೆಂಪುಗಳ ಸುತ್ತಿನೊಳಗೆ ಕೂರಿಸುವ ಬಿಲ್ಲೆ ಎಷ್ಟೋ ಕಡೆ ಸಾವರಿನ್ ಎಂಬ ಬ್ರಿಟಿಷ್ ಚಿನ್ನದ ನಾಣ್ಯ. ಒಂದು ಪವನು ಎಂದರೆ 8 ಗ್ರಾಂ ಎಂದು ನಾವು ಚಿನ್ನ ಲೆಕ್ಕ ಹಾಕುತ್ತೇವಲ್ಲ, ಆ ಲೆಕ್ಕ ಬಂದದ್ದೂ ಈ ನಾಣ್ಯದಿಂದಲೇ. ಇದರ ತೂಕ 7.98 ಗ್ರಾಂ, ವ್ಯಾಸ 22.05 ಮಿ.ಮೀ., 22 ಕ್ಯಾರೆಟ್. ಅರ್ಧ ಸಾವರಿನ್ 3.99 ಗ್ರಾಂ, 19.3 ಮಿ.ಮೀ.

ಅದನ್ನು ಪತ್ತಾಕಿನಿಂದ ಬಿಡಿಸಬಾರದು, ಬಿಡಿಸಬೇಕಾಗಿಯೂ ಇಲ್ಲ. ಕೂರಿಸಿದ ಸಾವರಿನ್ ತೂಗಲು ಬರುವುದಿಲ್ಲ, ಆದರೆ ಓದಲು ಬರುತ್ತದೆ. ಮುಖ ನೋಡಿ. ಹೆಂಗಸಿನ ಮುಖ ವಿಕ್ಟೋರಿಯಾಳದಾಗಿ, ತಲೆಗೆ ಕಿರೀಟವಿಲ್ಲದೆ ರಿಬ್ಬನ್ ಕಟ್ಟಿದ ಎಳೆ ವಯಸ್ಸಿನ ತಲೆಯಾದರೆ 1887 ಮತ್ತು ಅದಕ್ಕೆ ಹಿಂದಿನದು. ನೆತ್ತಿಯ ಮೇಲೆ ಪುಟ್ಟ ಕಿರೀಟ, ಹಿಂದೆ ಇಳಿಬಿದ್ದ ಸೆರಗು ಇದ್ದರೆ 1887ರಿಂದ 1893. ಮುದಿ ಮುಖ, ತಲೆ ತುಂಬ ಮುಸುಕು ಇದ್ದರೆ 1893ರಿಂದ 1901. ಗಡ್ಡದ ಗಂಡಸು ಬಲಕ್ಕೆ ನೋಡುತ್ತಿದ್ದರೆ ಏಳನೇ ಎಡ್ವರ್ಡ್, 1902ರಿಂದ 1910. ಗಡ್ಡದ ಗಂಡಸೇ ಎಡಕ್ಕೆ ನೋಡುತ್ತಿದ್ದರೆ ಐದನೇ ಜಾರ್ಜ್, 1911ರಿಂದ ಮುಂದೆ.

ಖಚಿತ ವರ್ಷ ಬೇಕಿದ್ದರೆ ಹಿಂಬದಿ ತೆರೆದಿದೆಯೇ ನೋಡಿ. ಕುದುರೆಯ ಮೇಲೆ ಕೂತ ಸಂತ ಜಾರ್ಜ್ ಡ್ರ್ಯಾಗನ್ನನ್ನು ಕೊಲ್ಲುವ ಚಿತ್ರವಿದ್ದರೆ ವರ್ಷ ಅದರ ಕೆಳಗಿನ ಪಟ್ಟಿಯಲ್ಲಿರುತ್ತದೆ. ಗುರಾಣಿಯ ಚಿತ್ರವಿದ್ದರೆ ವರ್ಷ ಮುಂಬದಿಯಲ್ಲಿ, ಕತ್ತಿನ ಕೆಳಗೆ. ಈಗ ಲೂಪ್ ಹಿಡಿದು, ಡ್ರ್ಯಾಗನ್ ಬಿದ್ದಿರುವ ನೆಲದ ಗೆರೆಯ ನಡುವೆ, ವರ್ಷದ ಸರಿಮೇಲೆ ನೋಡಿ. ಅಲ್ಲಿ ಎಳ್ಳಿಗಿಂತ ಸಣ್ಣ ಇಂಗ್ಲಿಷ್ ಅಕ್ಷರ ಇರಬಹುದು. ಎಂ ಇದ್ದರೆ ಮೆಲ್ಬರ್ನ್, ಎಸ್ ಇದ್ದರೆ ಸಿಡ್ನಿ, ಪಿ ಇದ್ದರೆ ಪರ್ತ್, ಎಸ್‌ಎ ಇದ್ದರೆ ಪ್ರಿಟೋರಿಯಾ ಟಂಕಸಾಲೆ. ಏನೂ ಇಲ್ಲದಿದ್ದರೆ ಲಂಡನ್. ಐ ಎಂಬ ಒಂದು ಸಣ್ಣ ಗೀಟು ಇದ್ದು ವರ್ಷ 1918 ಆಗಿದ್ದರೆ, ಆ ಸಾವರಿನ್ ಅಚ್ಚಾದದ್ದು ನಮ್ಮ ಬೊಂಬಾಯಿಯಲ್ಲಿ. ಅಲ್ಲಿ ಸಾವರಿನ್ ಹೊಡೆದದ್ದು ಆ ಒಂದೇ ವರ್ಷದ ಅಚ್ಚಿನಲ್ಲಿ. ವಿಕ್ಟೋರಿಯಾಳ ಎಳೆ ತಲೆಯ ಸಂತ ಜಾರ್ಜ್ ನಾಣ್ಯಗಳಲ್ಲಿ ಈ ಗುರುತು ನೆಲದ ಗೆರೆಯಲ್ಲಿರುವುದಿಲ್ಲ, ಮುಂಬದಿಯಲ್ಲಿ ಕತ್ತಿನ ಕೆಳಗೆ ಇರುತ್ತದೆ.

ಬಿಡಿ ಸಾವರಿನ್ ಆದರೆ ನೀರಿನ ಪರೀಕ್ಷೆ ಮಾಡಿ: 7.98 ಗ್ರಾಂ ನಾಣ್ಯಕ್ಕೆ ತಕ್ಕಡಿ ಸುಮಾರು 0.45 ತೋರಿಸಬೇಕು, ಭಾಗಿಸಿದರೆ 17.7. ಸವೆದ ನಾಣ್ಯ ತುಸು ಹಗುರ ಇರಬಹುದು. ಹೆಚ್ಚು ಭಾರ ಇರಲಾರದು. 8.10 ಗ್ರಾಂ ತೂಗುವ ಸಾವರಿನ್ ಕಂಡರೆ ಎಚ್ಚರ. ಒಂದು ಕಷ್ಟವೂ ಇದೆ: ಸರಿಯಾದ ಚಿನ್ನದಲ್ಲೇ ಹೊಡೆದ ನಕಲು ಸಾವರಿನ್‌ಗಳೂ ಇವೆ. ಚಿನ್ನದ ಬೆಲೆಗೆ ಮೋಸವಿಲ್ಲ, ಆದರೆ ಅಕ್ಷರಗಳ ಬುಡ ಮೊಂಡಾಗಿರುತ್ತದೆ, ಕುದುರೆಯ ಕೂದಲು ಕಲಸಿದಂತಿರುತ್ತದೆ.

ಲಿಪಿ ಮತ್ತು ಹೆಸರು

ಯುರೋಪಿನ ನಾಣ್ಯಗಳ ಮೇಲೆ ದೇಶದ ಹೆಸರು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುವುದಿಲ್ಲ, ಅವರವರ ಭಾಷೆಯಲ್ಲೋ ಲ್ಯಾಟಿನ್ನಿನಲ್ಲೋ ಇರುತ್ತದೆ. ಹೆಲ್ವೆಟಿಯಾ ಎಂದರೆ ಸ್ವಿಟ್ಜರ್ಲೆಂಡ್, ಸುವೋಮಿ ಎಂದರೆ ಫಿನ್ಲೆಂಡ್, ಮಗ್ಯಾರ್ ಎಂದರೆ ಹಂಗೆರಿ, ಸ್ವೆರಿಯೆ ಎಂದರೆ ಸ್ವೀಡನ್, ಏರೆ ಎಂದರೆ ಐರ್ಲೆಂಡ್, ಹ್ರ್‌ವಾತ್ಸ್ಕಾ ಎಂದರೆ ಕ್ರೊಯೇಷಿಯಾ. ಇಂಗ್ಲಿಷಿನ ಸಿ ಸಿ ಸಿ ಪಿ ಎಂದು ಕಾಣುವುದು ರಷ್ಯನ್ ಲಿಪಿಯಲ್ಲಿ ಎಸ್ ಎಸ್ ಎಸ್ ಆರ್, ಅಂದರೆ ಸೋವಿಯತ್ ಒಕ್ಕೂಟ. ಯೂರೋ ನಾಣ್ಯದ ಬೆಲೆ ಇರುವ ಬದಿ ಎಲ್ಲ ದೇಶಕ್ಕೂ ಒಂದೇ, ಇನ್ನೊಂದು ಬದಿಯೇ ದೇಶ ಹೇಳುವುದು. 1999 ಎಂದಿರುವ ಯೂರೋ ಕಂಡು ನಕಲಿ ಎನ್ನಬೇಡಿ. ಜನರ ಕೈಗೆ ಬಂದದ್ದು 2002ರಲ್ಲಾದರೂ ಫ್ರಾನ್ಸ್, ಸ್ಪೇನ್, ಫಿನ್ಲೆಂಡ್ ಮುಂತಾದ ಕಡೆ ಅಚ್ಚು ಹಾಕಿದ್ದು 1999ರಿಂದ.

ಕನ್ನಡದ ಕಣ್ಣಿಗೆ ಮೋಸ ಮಾಡುವ ಲಿಪಿಗಳು ಎರಡು: ಸಿಂಹಳ ಮತ್ತು ಬರ್ಮೀಸ್. ಎರಡೂ ಗುಂಡಗೆ, ಬಳ್ಳಿಯಂತೆ. ಸವೆದ ಬಿಲ್ಲೆಯ ಮೇಲೆ ಹಳಗನ್ನಡ ಕಂಡಂತಾಗುತ್ತದೆ. ಸಿಂಹಳದ ಪಕ್ಕದಲ್ಲಿ ತಮಿಳೂ ಇಂಗ್ಲಿಷೂ ಇದ್ದರೆ ಸಿಲೋನ್, ಅಂದರೆ ಈಗಿನ ಶ್ರೀಲಂಕಾ. ಮೂಲೆ ಮೊಂಡಾದ ಚೌಕ ನಾಣ್ಯ ಸಿಲೋನಿನ 5 ಸೆಂಟ್ ಇರಬಹುದು, ಮಲಯಾದ 1 ಸೆಂಟ್ ಕೂಡ ಚೌಕವೇ. ಮಲಯಾದ್ದರ ಮೇಲೆ ಆ ಹೆಸರೇ ಇರುತ್ತದೆ. ಗರಿ ಬಿಚ್ಚಿದ ನವಿಲು ಇರುವ ಬೆಳ್ಳಿ ಬಿಲ್ಲೆ ಬರ್ಮಾದ ಮಿಂಡಾನ್ ದೊರೆಯದು. ಅದರ ಮೇಲಿನ 1214ಕ್ಕೆ 638 ಕೂಡಿಸಿದರೆ 1852, ಅದು ಆತ ಆಳತೊಡಗಿದ ಕಾಲ.

ನಡುವೆ ತೂತಿರುವ ದೊಡ್ಡ ಕಂಚಿನ ನಾಣ್ಯ, ಸುಮಾರು 31 ಮಿ.ಮೀ., ಆನೆಯ ದಂತದ ಚಿತ್ರ ಇದ್ದರೆ ಬ್ರಿಟಿಷರ ಆಳ್ವಿಕೆಯಲ್ಲಿದ್ದ ಪೂರ್ವ ಆಫ್ರಿಕಾದ 10 ಸೆಂಟ್ಸ್. ತೂತಿದ್ದು ಇಂಗ್ಲಿಷ್, ಅರೇಬಿಕ್, ಹೀಬ್ರೂ ಮೂರೂ ಇದ್ದರೆ 1927ರಿಂದ ಎರಡು ದಶಕ ಚಲಾವಣೆಯಲ್ಲಿದ್ದ ಪ್ಯಾಲೆಸ್ಟೈನಿನ ಮಿಲ್ಸ್ ಎಂಬ ಚಿಲ್ಲರೆ. ಇಟಲಿಯ ನಾಣ್ಯದಲ್ಲಿ 1940ರ ಪಕ್ಕ ರೋಮನ್ ಅಂಕೆಯಲ್ಲಿ 18 ಇದ್ದರೆ ಅದು ಮುಸೊಲಿನಿಯ ಆಳ್ವಿಕೆಯ ವರ್ಷ, 1922ರ ಅಕ್ಟೋಬರಿನಿಂದ ಎಣಿಸಿದ್ದು. ಇವೆಲ್ಲ ಎರಡನೇ ಮಹಾಯುದ್ಧದಲ್ಲಿ ಭಾರತದ ಸೈನಿಕರು ಹೋದ ದಾರಿಯ ನಾಣ್ಯಗಳು. ಅದಕ್ಕೇ ಟ್ರಂಕು ಯಾರದು, ಅವರು ಎಲ್ಲೆಲ್ಲಿ ಇದ್ದರು ಎಂದು ಮನೆಯ ಹಿರಿಯರನ್ನು ಮೊದಲೇ ಕೇಳಿಟ್ಟುಕೊಳ್ಳಿ. ಜನರಲ್ ತಿಮ್ಮಯ್ಯನವರ ಹಾಗೆ ಕೊರಿಯಾಕ್ಕೂ ಸೈಪ್ರಸ್‌ಗೂ ವಿಶ್ವಸಂಸ್ಥೆಯ ಕೆಲಸಕ್ಕೆ ಹೋದವರು ಈ ನಾಡಿನಲ್ಲಿದ್ದಾರೆ. ಎಲ್ಲಿಂದ ಬಂತು ಎಂಬ ಸುಳಿವು ಹುಡುಕಾಟವನ್ನು ಅರ್ಧಕ್ಕೆ ಇಳಿಸುತ್ತದೆ. ಆದರೆ ಅದನ್ನೇ ಸಾಕ್ಷಿ ಎನ್ನಬೇಡಿ, ಒಂದೇ ಡಬ್ಬಿಗೆ ಮೂರು ತಲೆಮಾರಿನವರು ಚಿಲ್ಲರೆ ಹಾಕಿರುತ್ತಾರೆ.

ವರ್ಷ ಓದುವುದು

ಅರೇಬಿಕ್ ಬರಹ ಬಲದಿಂದ ಎಡಕ್ಕೆ, ಆದರೆ ಅಂಕೆಗಳು ನಮ್ಮ ಹಾಗೆ ಎಡದಿಂದ ಬಲಕ್ಕೆ. ಒಂದು ನೆಟ್ಟಗಿನ ಗೀಟು. ಎರಡಕ್ಕೆ ಮೇಲೆ ಒಂದು ಕೊಕ್ಕೆ, ಮೂರಕ್ಕೆ ಎರಡು. ನಾಲ್ಕು ತಿರುಗಿ ನಿಂತ ಇಂಗ್ಲಿಷ್ 3ರ ಹಾಗೆ. ಐದು ಪುಟ್ಟ ಉಂಗುರ, ಅಂದರೆ ಕನ್ನಡದ ಸೊನ್ನೆಯಂತೆ ಕಂಡದ್ದು ಅಲ್ಲಿ ಐದು. ಸೊನ್ನೆ ಬರೀ ಚುಕ್ಕೆ. ಆರು ಇಂಗ್ಲಿಷ್ 7ರಂತೆ, ಒಂಬತ್ತು 9ರಂತೆಯೇ. ಏಳು ಇಂಗ್ಲಿಷಿನ ವಿ ಅಕ್ಷರ, ಎಂಟು ಅದೇ ವಿ ತಲೆಕೆಳಗು. ಅತಿ ಹೆಚ್ಚು ಜನ ಜಾರುವುದು ಈ ಕೊನೆಯದರಲ್ಲಿ: ನಾಣ್ಯವನ್ನು ತಲೆಕೆಳಗೆ ಹಿಡಿದರೆ ಏಳು ಎಂಟಾಗುತ್ತದೆ. ಹಾಗಾಗಿ ಲಾಂಛನವೋ ಮುಖವೋ ನೆಟ್ಟಗಿರುವಂತೆ ಹಿಡಿದು, ಆಮೇಲೆ ಅಂಕೆಗೆ ಬನ್ನಿ. ಇರಾನಿನಲ್ಲಿ ನಾಲ್ಕು, ಐದು, ಆರರ ರೂಪ ತುಸು ಬೇರೆ.

ಮುಸ್ಲಿಮರ ಹಿಜರಿ ವರ್ಷಕ್ಕೆ ಬರೀ 622 ಕೂಡಿಸಿದರೆ ತಪ್ಪು, ಯಾಕೆಂದರೆ ಅದು ಚಾಂದ್ರಮಾನ, ನಮ್ಮ ವರ್ಷಕ್ಕಿಂತ ಸುಮಾರು 11 ದಿನ ಗಿಡ್ಡ. ನೂರಕ್ಕೆ ಮೂರರಂತೆ ಕಳೆದು ಆಮೇಲೆ 622 ಕೂಡಿಸಿ. ಎಮಿರೇಟ್ಸ್‌ನ ಒಂದು ದಿರ್ಹಮ್ ತೆಗೆದುಕೊಳ್ಳಿ. ಕೊಕ್ಕಿನ ಬಾಯಿಯ ಕಾಫಿ ಹೂಜಿಯ ಚಿತ್ರವಿರುವ ಈ ನಾಣ್ಯ ಗಲ್ಫ್‌ಗೆ ಹೋಗಿಬಂದವರ ಮನೆಯಲ್ಲೆಲ್ಲ ಇರುತ್ತದೆ. 1393ರಲ್ಲಿ ನೂರಕ್ಕೆ ಮೂರು ಎಂದರೆ 42, ಉಳಿದದ್ದು 1351, ಕೂಡಿಸಿದರೆ 1973. ಅದರ ಮೇಲೆ ಎರಡೂ ವರ್ಷ ಅಚ್ಚಾಗಿರುವುದರಿಂದ ನಿಮ್ಮ ಲೆಕ್ಕ ಸರಿಯೋ ಎಂದು ಅಲ್ಲೇ ತಾಳೆ ನೋಡಬಹುದು. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ನಾಣ್ಯ ಇಲ್ಲ.

ಇರಾನ್ 1920ರ ದಶಕದಿಂದ ಸೌರ ವರ್ಷ ಬಳಸುತ್ತದೆ, ಅದಕ್ಕೆ 621 ಕೂಡಿಸಿದರೆ ಸಾಕು. 2535ರಿಂದ 2537 ಎಂದಿರುವ ಇರಾನಿನ ನಾಣ್ಯಗಳೂ ಇವೆ. ಷಾ ದೊರೆ ಬದಲಿಸಿದ್ದ ಪಂಚಾಂಗದವು, 1976ರಿಂದ 1978ರವು. ಥಾಯ್ಲೆಂಡಿನ ಬುದ್ಧ ವರ್ಷದಿಂದ 543 ಕಳೆಯಿರಿ: 2531 ಎಂದರೆ 1988. ಆ ವರ್ಷ ಬಂದ ಥಾಯ್ 10 ಬಾಟ್ ಎರಡು ಲೋಹದ್ದು, 8.5 ಗ್ರಾಂ, 26 ಮಿ.ಮೀ. ಎರಡು ಯೂರೋ ಕೂಡ 8.5 ಗ್ರಾಂ, 25.75 ಮಿ.ಮೀ. ಅವಸರದಲ್ಲಿ ನೋಡಿದರೆ ಒಂದನ್ನು ಇನ್ನೊಂದೆನ್ನುತ್ತೀರಿ. ನೇಪಾಳದ ವಿಕ್ರಮ ಶಕೆಯ ವರ್ಷದಿಂದ 57 ಕಳೆಯಿರಿ. ದೇವನಾಗರಿ ಓದಬಲ್ಲವರಿಗೆ ಕಷ್ಟವಿಲ್ಲ, ಆದರೆ ದೇವನಾಗರಿ ಕಂಡ ಕೂಡಲೇ ಭಾರತದ್ದು ಎನ್ನುವ ತಪ್ಪು ಸಾಮಾನ್ಯ.

ಜಪಾನ್ ಚಕ್ರವರ್ತಿಯ ಆಳ್ವಿಕೆಯ ವರ್ಷ ಹಾಕುತ್ತದೆ. ಶೋವಾ ವರ್ಷಕ್ಕೆ 1925, ಹೇಸೇ ವರ್ಷಕ್ಕೆ 1988, ಈಗಿನ ರೇವಾ ವರ್ಷಕ್ಕೆ 2018 ಕೂಡಿಸಬೇಕು. ಓಟೋಮನ್ ತುರ್ಕಿಯದು ಇನ್ನೊಂದು ಬಗೆ: ಸುಲ್ತಾನ ಪಟ್ಟಕ್ಕೆ ಬಂದ ಹಿಜರಿ ವರ್ಷ ಬದಲಾಗದೆ ಇರುತ್ತದೆ, ಆಳ್ವಿಕೆಯ ಎಷ್ಟನೇ ವರ್ಷ ಎಂಬುದು ಬೇರೆ ಜಾಗದಲ್ಲಿ ಸಣ್ಣ ಅಂಕೆಯಾಗಿರುತ್ತದೆ. 1327 ಮತ್ತು 4 ಇದ್ದರೆ 1909ಕ್ಕೆ 3 ಕೂಡಿಸಿ, 1912.

ಕುಶಾಲನಗರದಿಂದ ಹೊಳೆ ದಾಟಿದರೆ ಬೈಲುಕುಪ್ಪೆ, ಆದ್ದರಿಂದ ಟಿಬೆಟಿನ ಲೆಕ್ಕವೂ ಇಲ್ಲಿ ಬೇಕಾದೀತು. ಅವರದು 60 ವರ್ಷದ ಆವರ್ತ, ನಮ್ಮ ಪ್ರಭವಾದಿ ಸಂವತ್ಸರಗಳಂತೆ, ಆದರೆ ಎಷ್ಟನೇ ಆವರ್ತ ಎಂಬುದನ್ನೂ ಬರೆಯುತ್ತಾರೆ. ಮುಗಿದ ಆವರ್ತಗಳನ್ನು 60ರಿಂದ ಗುಣಿಸಿ, ನಡೆಯುವ ಆವರ್ತದ ವರ್ಷ ಸೇರಿಸಿ, 1026 ಕೂಡಿಸಿ. 16ನೇ ಆವರ್ತದ 21ನೇ ವರ್ಷ ಎಂದರೆ 900 ಮತ್ತು 21 ಮತ್ತು 1026, ಅಂದರೆ 1947. ತಾಮ್ರದ 5 ಶೋ ನಾಣ್ಯಗಳಲ್ಲಿ ಈ ವರ್ಷ ಕಾಣುತ್ತದೆ.

ವರ್ಷವೇ ಹೆಪ್ಪುಗಟ್ಟಿದ ನಾಣ್ಯಗಳೂ ಇವೆ. ದಪ್ಪ ಮೈಯ ಹೆಂಗಸಿನ ಮುಖ, ಎರಡು ತಲೆಯ ಹದ್ದು, ಸುಮಾರು 28 ಗ್ರಾಂ ಬೆಳ್ಳಿ, 1780 ಎಂಬ ವರ್ಷ ಕಂಡರೆ ಅದು ಮರಿಯಾ ತೆರೇಸಾ ಥಾಲರ್. ಆಕೆ ತೀರಿಕೊಂಡದ್ದು 1780ರಲ್ಲಿ, ಆಮೇಲೆ ಇಂದಿನವರೆಗೂ ಅದೇ ವರ್ಷ ಹಾಕಿ ಹೊಡೆಯುತ್ತಿದ್ದಾರೆ. ಅರಬ್ ನಾಡಿನ, ಇಥಿಯೋಪಿಯಾದ ವ್ಯಾಪಾರಿಗಳು ಬೇರೆ ವರ್ಷದ್ದನ್ನು ನಂಬುತ್ತಿರಲಿಲ್ಲ. ಬೊಂಬಾಯಿ ಟಂಕಸಾಲೆಯಲ್ಲೂ ಯುದ್ಧದ ಕಾಲದಲ್ಲಿ ಇದನ್ನು ಹೊಡೆದಿದ್ದಾರೆ.

ವರ್ಷ ಸವೆದುಹೋಗಿದ್ದರೆ ಕೋಣೆ ಕತ್ತಲು ಮಾಡಿ, ಟಾರ್ಚನ್ನು ಮೇಜಿನ ಮಟ್ಟಕ್ಕೆ ಮಲಗಿಸಿ ಬೆಳಕನ್ನು ಓರೆಯಾಗಿ ಬಿಡಿ. ಅಂಕೆಯ ಉಬ್ಬು ಹೋಗಿದ್ದರೂ ನೆರಳು ಉಳಿದಿರುತ್ತದೆ. ನಾಲ್ಕೂ ದಿಕ್ಕಿನಿಂದ ಫೋಟೊ ತೆಗೆದು ಕಪ್ಪು-ಬಿಳುಪಿಗೆ ತಿರುಗಿಸಿ ನೋಡಿ. ಮೊಬೈಲಿನ ಚಿತ್ರ ಹುಡುಕಾಟ ಹೋಲುವ ನಾಣ್ಯ ತೋರಿಸುತ್ತದೆ, ಅದೇ ನಾಣ್ಯ ಎಂಬ ಖಾತರಿಯಿಲ್ಲ. ನುಮಿಸ್ಟಾ ಎಂಬ ಜಾಲತಾಣದ ಪಟ್ಟಿಯಲ್ಲಿ ನೀವು ಅಳೆದ ತೂಕ, ವ್ಯಾಸ ಹಾಕಿ ತಾಳೆ ನೋಡಿ. ವ್ಯಾಸದಲ್ಲಿ ಅರ್ಧ ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಅದು ಬೇರೆ ನಾಣ್ಯ.

ನಾಣ್ಯವಲ್ಲದವು, ನಕಲಿಗಳು

ಬೆಲೆಯೂ ದೇಶವೂ ಇಲ್ಲದ ಬಿಲ್ಲೆ ಟೋಕನ್ ಅಥವಾ ಪದಕ ಇರಬಹುದು. ಹತ್ತೊಂಬತ್ತನೇ ಶತಮಾನದಲ್ಲಿ ಕೊಲಂಬೊದ ಕಾಫಿ ಕಂಪನಿಗಳು ತಮ್ಮ ಹೆಸರಿನ ಟೋಕನ್ ಹೊರಡಿಸಿದ್ದವು. ಕತ್ತಿ ಎತ್ತಿದ ಕೊಡಗಿನ ಯೋಧ ಮತ್ತು 1837 ಇರುವುದು ಈಸ್ಟ್ ಇಂಡಿಯಾ ಕಂಪನಿ ಕೊಟ್ಟ ಪದಕ, ನಾಣ್ಯವಲ್ಲ. ಹನುಮಂತ, ರಾಮ ಪಟ್ಟಾಭಿಷೇಕ, ಲಕ್ಷ್ಮಿಯ ಚಿತ್ರದೊಂದಿಗೆ 1616, 1717, 1818 ಎಂದು ಈಸ್ಟ್ ಇಂಡಿಯಾ ಕಂಪನಿಯ ಹೆಸರಿರುವ ಅರ್ಧಾಣೆ, ಒಂದಾಣೆಗಳು ಯಾವ ಟಂಕಸಾಲೆಯವೂ ಅಲ್ಲ. ಅಕ್ಕಿ ಎಳೆಯುತ್ತದೆ, ಕೋಟಿ ಬಾಳುತ್ತದೆ ಎಂದು ಇವನ್ನೇ ತೋರಿಸಿ ರೈಸ್ ಪುಲ್ಲಿಂಗ್ ಹೆಸರಿನಲ್ಲಿ ಜನರ ಜೀವಮಾನದ ದುಡ್ಡು ದೋಚುತ್ತಾರೆ. ಅಂಥವರು ಬಂದರೆ ಪೊಲೀಸರಿಗೆ ಹೇಳಿ.

ದೊಡ್ಡ ಬೆಳ್ಳಿ ಡಾಲರುಗಳಲ್ಲಿ ನಕಲಿ ಹೆಚ್ಚು. ತ್ರಿಶೂಲ ಹಿಡಿದು ನಿಂತ ಬ್ರಿಟಾನಿಯಾ ಇರುವ ಬ್ರಿಟಿಷ್ ಟ್ರೇಡ್ ಡಾಲರ್ 26.95 ಗ್ರಾಂ ಇರಬೇಕು. 20 ಗ್ರಾಂ ಆಸುಪಾಸು ತೂಗಿದರೆ ಅಲ್ಲಿಗೆ ಮುಗಿಯಿತು. ಅಸಲಿಯಲ್ಲಿ ತ್ರಿಶೂಲದ ನಡುಮೊನೆಯ ಮೇಲೆ ಬೊಂಬಾಯಿಯ ಸಣ್ಣ ಬಿ ಅಕ್ಷರ ಹುಡುಕಿ, ಹೆಚ್ಚಿನವು ಅಲ್ಲೇ ಅಚ್ಚಾದವು. ಎರಕದ ನಕಲಿಯಾದರೆ ಅಂಚಿನ ಸುತ್ತ ಬೆಸುಗೆ ಗೆರೆ, ಮೈ ಮೇಲೆ ಸೂಜಿಮೊನೆಯ ಗುಳಿಗಳು ಲೂಪ್‌ನಲ್ಲಿ ಕಾಣುತ್ತವೆ.

ತೋಟದಲ್ಲಿ ಗುಂಡಿ ತೋಡುವಾಗ ಸಿಕ್ಕಿದ್ದಾದರೆ ವಿಷಯ ಬೇರೆ. ನೆಲದಲ್ಲಿ ಹುದುಗಿದ್ದ ನಿಧಿಯನ್ನು ಜಿಲ್ಲಾಧಿಕಾರಿಗೆ ತಿಳಿಸುವುದು ಕಾನೂನು. ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯಂತೆ ಪುರಾತನ ವಸ್ತು, ಅದನ್ನು ದೇಶದ ಹೊರಗೆ ಕಳಿಸುವಂತಿಲ್ಲ.

ಮಳೆಗಾಲಕ್ಕೆ ಎತ್ತಿಡುವುದು

ಜೂನ್‌ನಿಂದ ನಾಲ್ಕು ತಿಂಗಳು ಇಲ್ಲಿ ಬಟ್ಟೆಯೇ ಒಣಗುವುದಿಲ್ಲ, ನಾಣ್ಯ ಸುಮ್ಮನಿರುತ್ತದೆಯೇ? ಮೆತ್ತನೆಯ ಪಿವಿಸಿ ಪ್ಲಾಸ್ಟಿಕ್ ಜೇಬಿನ ಆಲ್ಬಂ ತೇವದಲ್ಲಿ ಹಸಿರು ಅಂಟು ಬಿಡುತ್ತದೆ, ಅದು ತಾಮ್ರವನ್ನು ತಿನ್ನುತ್ತದೆ. ರಬ್ಬರ್ ಬ್ಯಾಂಡಿನ ಗಂಧಕ ಬೆಳ್ಳಿಯನ್ನು ಕಪ್ಪು ಮಾಡುತ್ತದೆ. ಮೈಲಾರ್ ಎಂಬ ತೆಳು ಪ್ಲಾಸ್ಟಿಕ್ ಹಾಳೆಯ ಕಿಟಕಿಯಿರುವ ರಟ್ಟಿನ ಹೋಲ್ಡರಿನಲ್ಲಿ ಹಾಕಿ, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಪೊಟ್ಟಣವನ್ನು ತಿಂಗಳಿಗೊಮ್ಮೆ ಬದಲಿಸಿ. ತಾಮ್ರದ ಮೇಲೆ ತಿಳಿ ಹಸಿರು ಪುಡಿ ಉದುರುತ್ತಿದ್ದರೆ ಆ ನಾಣ್ಯವನ್ನು ಉಳಿದವುಗಳಿಂದ ಬೇರೆ ಇಡಿ.

ಹೋಲ್ಡರಿನ ಮೇಲೆ ತೂಕ, ವ್ಯಾಸ, ಲೋಹ, ದೇಶ, ವರ್ಷ, ಯಾವ ಪಂಚಾಂಗದಿಂದ ಲೆಕ್ಕ ಹಾಕಿದ್ದು, ಯಾರ ಟ್ರಂಕಿನಲ್ಲಿತ್ತು ಎಂಬುದನ್ನು ಬರೆಯಿರಿ. ನಾಣ್ಯ ಒಳಗೆ ಹಾಕುವ ಮೊದಲೇ ಬರೆಯಬೇಕು, ಹಾಕಿದ ಮೇಲೆ ಬರೆದರೆ ಪೆನ್ನಿನ ಒತ್ತು ನಾಣ್ಯದ ಮೇಲೆ ಬೀಳುತ್ತದೆ.